ಅಳಿವೆಯ ಊರು: ಮಂಗಳೂರು ಬಂದರಿನ ಉದ್ದನೆಯ ಕತೆ

(ಮಹಿಳಾ ವೇದಿಕೆಯ ತಿಂಗಳ ಕೂಟದಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)



ಕಳೆದ ಕೂಟದಲ್ಲಿ ನಮ್ಮ ಸದಸ್ಯೆಯೊಬ್ಬರು ಈಜಿಪ್ಟ್ ಪ್ರವಾಸದ ಫೋಟೋಗಳನ್ನು ತೋರಿಸಿದ್ದು ನಿಮಗೆ ನೆನಪಿರಬಹುದು. ಅಲೆಕ್ಸಾಂಡ್ರಿಯದ ಕಡಲತೀರ, ಹಳೆಯ ಕೋಟೆ, ದೀಪಸ್ತಂಭವಿದ್ದ ಜಾಗ. ಕ್ರಿಸ್ತಪೂರ್ವ 331ರಲ್ಲಿ ಕಟ್ಟಿದ ಊರು ಅಂದಾಗ ಎಲ್ಲರೂ ಅಬ್ಬಾ ಅಂದೆವು. ಆಗ ಹಿಂದಿನ ಸಾಲಿನಿಂದ ಒಬ್ಬರು, "ನಮ್ಮಲ್ಲಿ ಇಂಥ ಬಂದರು ಎಲ್ಲಿದೆ ಹೇಳಿ" ಎಂದರು. ನಾನು ಮಂಗಳೂರಿನವಳು. ಸುಮ್ಮನಿರಲಾಗಲಿಲ್ಲ, "ಇದೆಯಲ್ಲ ಮಾರಾಯ್ರೆ" ಅಂದುಬಿಟ್ಟೆ. ಹಾಗೆ ಬಾಯಿ ಬಿಟ್ಟವರಿಗೆ ಮುಂದಿನ ತಿಂಗಳ ಉಪನ್ಯಾಸ ಅಂಟಿಸುವುದು ನಮ್ಮ ವೇದಿಕೆಯ ಪದ್ಧತಿ. ಅದಕ್ಕೇ ಇವತ್ತು ಇಲ್ಲಿ ನಿಂತಿದ್ದೇನೆ. ನನ್ನ ಕನ್ನಡ ಸ್ವಲ್ಪ ಪುಸ್ತಕದ ಹಾಗೆ ಕೇಳಿಸಿದರೆ ಕ್ಷಮಿಸಿ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಕಲಿತವರ ಮಾತು ಹೀಗೇ ಇರುತ್ತದೆ.

ಅಲೆಕ್ಸಾಂಡ್ರಿಯದಿಂದಲೇ ಆರಂಭಿಸುತ್ತೇನೆ. ಆರನೆಯ ಶತಮಾನದಲ್ಲಿ ಆ ಊರಿನಲ್ಲಿ ಕಾಸ್ಮಾಸ್ ಎಂಬ ವ್ಯಾಪಾರಿ ಇದ್ದ. ಕೊನೆಗಾಲದಲ್ಲಿ ಸನ್ಯಾಸಿಯಾಗಿ ಮಠ ಸೇರಿ ಒಂದು ಪುಸ್ತಕ ಬರೆದ. ಭೂಮಿ ಪೆಟ್ಟಿಗೆಯ ಆಕಾರದಲ್ಲಿದೆ ಎಂದು ಸಾಧಿಸುವುದೇ ಅವನ ಗುರಿ. ಆ ವಾದ ಬಿಟ್ಟುಬಿಡೋಣ. ಆದರೆ ಕರಿಮೆಣಸು ಸಿಗುವ ಬಂದರುಗಳ ಹೆಸರನ್ನು ಅವನು ಸಾಲಾಗಿ ಬರೆದಿದ್ದಾನೆ, ಅದರಲ್ಲಿ ಒಂದು "ಮಂಗರೂಥ್". ಅಂದರೆ ನಮ್ಮ ಮಂಗಳೂರು. ನಾವು ಅವರ ಊರನ್ನು ಮೊನ್ನೆ ಫೋಟೋದಲ್ಲಿ ನೋಡಿದೆವು. ಅವರು ನಮ್ಮ ಊರಿನ ಹೆಸರನ್ನು ಸಾವಿರದ ನಾನೂರು ವರ್ಷಗಳಿಗೂ ಹಿಂದೆ ಬರೆದಿಟ್ಟಿದ್ದರು.

ಅದಕ್ಕೂ ಮೊದಲಿನದು ಇನ್ನೂ ಸ್ವಾರಸ್ಯವಾಗಿದೆ. ಈಜಿಪ್ಟಿನ ಆಕ್ಸಿರಿಂಕಸ್ ಎಂಬಲ್ಲಿ ಹಳೆಯ ಕಸದ ಗುಡ್ಡೆ ಅಗೆದಾಗ ಪಪೈರಸ್ ಹಾಳೆಗಳು ರಾಶಿಗಟ್ಟಲೆ ಸಿಕ್ಕವು. ಅವುಗಳಲ್ಲೊಂದು ಗ್ರೀಕ್ ಪ್ರಹಸನ, 1903ರಲ್ಲಿ ಅಚ್ಚಾಯಿತು. ಹಾಳೆ ಎರಡನೆಯ ಶತಮಾನದ್ದು. ಕತೆ ಇಷ್ಟು: ಖಾರಿತಿಯೋನ್ ಎಂಬ ಗ್ರೀಕ್ ಹುಡುಗಿ ಭಾರತದ ಕರಾವಳಿಯಲ್ಲಿ ಸೆರೆಯಾಗಿದ್ದಾಳೆ. ಅವಳನ್ನು ದೇವಿಗೆ ಬಲಿ ಕೊಡುವ ಯೋಚನೆ ಅಲ್ಲಿನ ರಾಜನದು. ಅವಳ ಅಣ್ಣ ಹಡಗಿನಲ್ಲಿ ಬಂದು, ರಾಜನಿಗೂ ಅವನ ಕಡೆಯವರಿಗೂ ನೀರು ಬೆರೆಸದ ಮದ್ಯ ಕುಡಿಸಿ, ತಂಗಿಯನ್ನು ಬಿಡಿಸಿಕೊಂಡು ಹೋಗುತ್ತಾನೆ. ನಾಟಕದಲ್ಲಿ ರಾಜನ ಕಡೆಯವರು ಗ್ರೀಕ್ ಅಲ್ಲದ ಭಾಷೆಯಲ್ಲಿ ಮಾತಾಡುತ್ತಾರೆ. ಅದು ಕನ್ನಡ ಎಂದು ಜರ್ಮನ್ ವಿದ್ವಾಂಸ ಹುಲ್ಟ್ಶ್ 1904ರಲ್ಲಿ ಹೇಳಿದರು. ನಮ್ಮ ಶಾಮಾಶಾಸ್ತ್ರಿಗಳು, ಮಂಜೇಶ್ವರದ ಗೋವಿಂದ ಪೈಗಳು ಅದರ ಮೇಲೆ ಬರೆದರು. ಆಮೇಲೆ ಬಂದವರು, ಅಲ್ಲ, ಅದು ತುಳು ಎಂದರು. ಎರಡೂ ಅಲ್ಲ, ಬರೀ ಗದ್ದಲ ಎನ್ನುವವರೂ ಇದ್ದಾರೆ. ಕನ್ನಡವೋ ತುಳುವೋ ಎಂದು ನನ್ನನ್ನು ಕೇಳಬೇಡಿ, ಮನೆಯಲ್ಲಿ ಎರಡೂ ಕಡೆಯವರಿದ್ದಾರೆ. ನನಗೆ ಬೇಕಾದದ್ದು ಇಷ್ಟೇ. ನೈಲ್ ದಂಡೆಯ ಜನ ನಕ್ಕು ಚಪ್ಪಾಳೆ ತಟ್ಟಲು ನಮ್ಮ ಕಡಲತೀರದ ಒಂದು ಕತೆ ಅವರಿಗೆ ಗೊತ್ತಿರಬೇಕಿತ್ತು. ಅದನ್ನು ಅಲ್ಲಿಗೆ ಒಯ್ದವರು ಮೆಣಸಿನ ಹಡಗಿನವರೇ ಇರಬೇಕು.

ಈಗ ಊರಿನ ಗುಣ ಸ್ವಲ್ಪ ಹೇಳುತ್ತೇನೆ, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ನೇತ್ರಾವತಿ ತೆಂಕಣದಿಂದ, ಗುರುಪುರ ಹೊಳೆ (ಫಲ್ಗುಣಿ ಎಂದೂ ಹೆಸರು) ಬಡಗಿನಿಂದ ಬಂದು, ಕಡಲಿಗೆ ಸೇರುವ ಮುಂಚೆ ಒಂದನ್ನೊಂದು ಕೂಡುತ್ತವೆ. ಮುಂದೆ ಬೆಂಗ್ರೆ ಎಂಬ ಮರಳಿನ ಪಟ್ಟಿ ಅಡ್ಡ ನಿಂತಿದೆ. ಹೊಳೆ ಕಡಲು ಸೇರುವ ಬಾಯಿಗೆ ನಮ್ಮಲ್ಲಿ ಅಳಿವೆ ಎನ್ನುತ್ತಾರೆ. ಅಳಿವೆಯ ಒಳಗೆ ಬಂದ ದೋಣಿಗೆ ಗಾಳಿ-ತೆರೆಯ ಭಯವಿಲ್ಲ. ಅದಕ್ಕಾಗಿಯೇ ಬಂದರು ಬೆಳೆಯಿತು. ಆದರೆ ಅಳಿವೆಯಲ್ಲಿ ಹೂಳು ತುಂಬುತ್ತದೆ, ದೊಡ್ಡ ಹಡಗು ಒಳಗೆ ಬರಲಾರದು. ಅದು ದೂರದಲ್ಲಿ ಲಂಗರು ಹಾಕುತ್ತದೆ, ಸಣ್ಣ ದೋಣಿಗಳು ಸಾಮಾನು ಹೊತ್ತು ಓಡಾಡುತ್ತವೆ. ಮಳೆಗಾಲದಲ್ಲಿ ಎಲ್ಲವೂ ಬಂದ್. ಬಂದರು ಬೆಳೆದದ್ದೂ ಅಳಿವೆಯಿಂದ, ಅಷ್ಟಕ್ಕೇ ನಿಂತದ್ದೂ ಅಳಿವೆಯಿಂದ.

ಈ ಊರಿಗೆ ಹೆಸರುಗಳೂ ಹಲವು. ತುಳುವಿನಲ್ಲಿ ಕುಡ್ಲ, ಕೊಂಕಣಿಯಲ್ಲಿ ಕೊಡಿಯಾಲ, ಬ್ಯಾರಿ ಭಾಷೆಯಲ್ಲಿ ಮೈಕಾಲ, ಕನ್ನಡದಲ್ಲಿ ಮಂಗಳೂರು. ನಿಜಾಮುದ್ದೀನ್ ಸ್ಟೇಷನ್ನಿನಲ್ಲಿ ಮಂಗಳಾ ಎಕ್ಸ್‌ಪ್ರೆಸ್ ಹತ್ತುವಾಗ ಒಂದೇ ಬೋಗಿಯಲ್ಲಿ ಈ ಎಲ್ಲ ಹೆಸರೂ ಕಿವಿಗೆ ಬೀಳುತ್ತವೆ.

ಇನ್ನು ನಾನು ಹೇಳಲೇಬೇಕೆಂದು ಬಂದಿರುವ ಕತೆ. ಇದು ಆಶು ಎಂಬ ಹೆಣ್ಣಿನದು.

1896ರಲ್ಲಿ ಕೇಂಬ್ರಿಜ್‌ನಲ್ಲಿ ಇಬ್ಬರು ಅವಳಿ ಅಕ್ಕ-ತಂಗಿಯರಿದ್ದರು, ಆಗ್ನೆಸ್ ಲೂಯಿಸ್ ಮತ್ತು ಮಾರ್ಗರೆಟ್ ಗಿಬ್ಸನ್. ಇಬ್ಬರೂ ವಿಧವೆಯರು, ಸ್ವಂತ ಓದಿನಿಂದ ಹಳೆಯ ಭಾಷೆಗಳನ್ನು ಕಲಿತವರು. ಕೇಂಬ್ರಿಜ್ ಆಗ ಹೆಂಗಸರಿಗೆ ಪದವಿ ಕೊಡುತ್ತಿರಲಿಲ್ಲ, ಕೊಟ್ಟದ್ದು 1948ರಲ್ಲಿ. ಈ ಅಕ್ಕ-ತಂಗಿಯರು ತಮ್ಮ ಪ್ರವಾಸದಲ್ಲಿ ಕೊಂಡು ತಂದ ಹಳೆಯ ಹಾಳೆಗಳನ್ನು ಸಾಲೊಮನ್ ಶೆಖ್ಟರ್ ಎಂಬ ವಿದ್ವಾಂಸರಿಗೆ ತೋರಿಸಿದರು. ಅವರು ಹೌಹಾರಿ ಕೈರೋಗೆ ಓಡಿದರು. ಅಲ್ಲಿನ ಹಳೆಯ ಯಹೂದಿ ಪ್ರಾರ್ಥನಾ ಮಂದಿರದಲ್ಲಿ ಗೆನಿಜಾ ಎಂಬ ಕೋಣೆ. ದೇವರ ಹೆಸರಿರಬಹುದಾದ ಕಾಗದ ಹರಿಯಬಾರದೆಂದು ಅಲ್ಲಿ ತುಂಬಿಡುತ್ತಿದ್ದರು. ನಮ್ಮ ಅಜ್ಜಿಯಂದಿರು ಹಳೆಯ ಪಂಚಾಂಗವನ್ನು ಎಸೆಯದೆ ಅಟ್ಟದಲ್ಲಿ ಇಡುತ್ತಿರಲಿಲ್ಲವೆ, ಹಾಗೆ. ಅಲ್ಲಿ ಶತಮಾನಗಳ ಕಾಗದ ಸಿಕ್ಕಿತು. ಪ್ರಾರ್ಥನೆ, ಮದುವೆ ಕರಾರು, ಅಂಗಡಿ ಲೆಕ್ಕ, ಪತ್ರ, ಎಲ್ಲವೂ. ಆ ರಾಶಿಯಲ್ಲಿ ಮಂಗಳೂರು ಇತ್ತು.

ಹನ್ನೆರಡನೆಯ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ ಮಂಗಳೂರಿನಲ್ಲಿ ನೆಲೆಸಿದ್ದ. ಅವನ ಮೂಲ ಊರು ಮಹ್ದಿಯ, ಈಗಿನ ಟುನೀಶಿಯದಲ್ಲಿ, ಮೆಡಿಟರೇನಿಯನ್ ಕಡಲಿನ ದಂಡೆಯ ಬಂದರು. ಅಲ್ಲಿಂದ ಈಜಿಪ್ಟ್, ಏಡನ್, ಕೊನೆಗೆ ನಮ್ಮ ಕರಾವಳಿ. ಸುಮಾರು ಹದಿನೇಳು ವರ್ಷ ಇಲ್ಲೇ ಇದ್ದ. ಏಡನ್ನಿನ ದೊಡ್ಡ ವ್ಯಾಪಾರಿ ಮದ್ಮೂನ್ ಅವನ ಆಪ್ತ. ಇಲ್ಲಿಂದ ಹೋಗುತ್ತಿದ್ದದ್ದು ಕರಿಮೆಣಸು, ಏಲಕ್ಕಿ, ಅಡಿಕೆ, ಕಬ್ಬಿಣ. ಅಲ್ಲಿಂದ ಬರುತ್ತಿದ್ದದ್ದು ತಾಮ್ರ, ಕಾಗದ, ಸಕ್ಕರೆ, ಒಣದ್ರಾಕ್ಷಿ, ಸಾಬೂನು. ಬೆನ್ ಯಿಜು ಇಲ್ಲಿ ಕಂಚಿನ ಪಾತ್ರೆಯ ಕಾರ್ಖಾನೆಯನ್ನೂ ಇಟ್ಟಿದ್ದ. ಏಡನ್ನಿನಿಂದ ಒಡೆದ ಪಾತ್ರೆ ಕಳುಹಿಸಿ, ಇದೇ ಅಳತೆಯಲ್ಲಿ ಹೊಸದು ಮಾಡಿಸಿ ಕಳುಹಿಸು ಎಂದು ಬರೆಯುತ್ತಿದ್ದರು. ಹಳೆಯ ಪಾತ್ರೆ ಕೊಟ್ಟು ಹೊಸದು ತರುವ ವ್ಯವಹಾರ ನಮಗೆ ಹೊಸತೇನಲ್ಲ, ಆದರೆ ಕಡಲು ದಾಟಿ! ಕಂಚಿನ ಎರಕ ಮಂಗಳೂರಿಗೆ ಚೆನ್ನಾಗಿ ಗೊತ್ತಿತ್ತು. ಕದ್ರಿ ದೇವಸ್ಥಾನಕ್ಕೆ ಹೋದವರು ಲೋಕೇಶ್ವರನ ಕಂಚಿನ ಮೂರ್ತಿ ನೋಡಿರುತ್ತೀರಿ. ಆಳುಪ ದೊರೆ ಕುಂದವರ್ಮನ ಶಾಸನ ಅದರ ಪೀಠದಲ್ಲಿದೆ, ಕಾಲ ಕ್ರಿ.ಶ. 968. ಬೆನ್ ಯಿಜು ಬರುವುದಕ್ಕೆ ನೂರಾರವತ್ತು ವರ್ಷ ಮೊದಲು.

1132ರ ಅಕ್ಟೋಬರ್ 17ರಂದು ಮಂಗಳೂರಿನಲ್ಲಿ ಅವನು ಒಂದು ಕಾಗದ ಬರೆಸಿದ. ತಾನು ಕೊಂಡಿದ್ದ ಆಶು ಎಂಬ ದಾಸಿಯನ್ನು ಬಿಡುಗಡೆ ಮಾಡಿದ್ದೇನೆ ಎಂಬ ಪತ್ರ. ಅವಳಿಗೆ ಬೆರಾಖಾ, ಅಂದರೆ ಆಶೀರ್ವಾದ, ಎಂದು ಹೊಸ ಹೆಸರು. ಆ ಪತ್ರ ಇವತ್ತಿಗೂ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿದೆ. ಅವಳಿಂದ ಅವನಿಗೆ ಮಕ್ಕಳಾದರು. ಸುರೂರ್ ಎಂಬ ಮಗ, ಸಿತ್ ಅಲ್-ದಾರ್ ಎಂಬ ಮಗಳು. ಸಿತ್ ಅಲ್-ದಾರ್ ಅಂದರೆ ಮನೆಯ ಒಡತಿ. ಲೆಕ್ಕದ ಕಾಗದವೊಂದರಲ್ಲಿ ಆಶುವಿನ ಅಣ್ಣನೋ ತಮ್ಮನೋ "ನಾಯರ್" ಎಂದು ಬರುತ್ತದೆ. ಅದರಿಂದ ಅವಳು ಮಲಬಾರ್ ಕಡೆಯವಳೆಂದು ವಿದ್ವಾಂಸರು ಊಹಿಸಿದ್ದಾರೆ.

ಈ ಕಾಗದಗಳನ್ನು ಓದಿದವರಲ್ಲಿ ಮೊದಲಿಗರು ಎಸ್. ಡಿ. ಗೊಯಿಟೈನ್. ನಮಗೆ ಹತ್ತಿರ ತಂದವರು ಅಮಿತಾವ್ ಘೋಷ್. ಅವರ 'ಇನ್ ಆ್ಯನ್ ಆ್ಯಂಟಿಕ್ ಲ್ಯಾಂಡ್' 1992ರಲ್ಲಿ ಬಂತು. ಪತ್ರಗಳಲ್ಲಿ ಬೆನ್ ಯಿಜುವಿನ ಆಳೊಬ್ಬನ ಹೆಸರು ಬರುತ್ತದೆ, ಮೂರೇ ಅಕ್ಷರ, ಬ-ಮ-ಹ. ಘೋಷ್ ಆ ಮೂರಕ್ಷರ ಹಿಡಿದುಕೊಂಡು ಮಂಗಳೂರಿಗೆ ಬಂದರು. ಪ್ರೊ. ಬಿ. ಎ. ವಿವೇಕ ರೈ ಅವರ ನೆರವಿನಿಂದ ಅದು "ಬೊಮ್ಮ" ಎಂದು ತಿಳಿಯಿತು. ನಮ್ಮಲ್ಲಿ ಎಷ್ಟು ಬೊಮ್ಮಣ್ಣ, ಬೊಮ್ಮಯ್ಯ ಇದ್ದಾರೆ ಎಣಿಸಿ! ಬೊಮ್ಮ ಬರೀ ಕಾಲಾಳಲ್ಲ, ಯಜಮಾನನ ಪರವಾಗಿ ಏಡನ್‌ಗೆ ಹೋಗಿ ವ್ಯವಹಾರ ಮಾಡಿ ಬರುತ್ತಿದ್ದವನು.

ಇಲ್ಲಿ ನನ್ನದೊಂದು ತಕರಾರಿದೆ. ಬೊಮ್ಮನನ್ನು ಹುಡುಕಿ ಲೇಖನಗಳು, ಪುಸ್ತಕ ಬಂದವು, ಸಂತೋಷ. ಮದ್ಮೂನ್ ಬರೆದ ಪತ್ರಗಳಿವೆ, ಬೆನ್ ಯಿಜು ಬರೆದವೂ ಇವೆ. ಅವನು ಪತ್ರಗಳ ಖಾಲಿ ಜಾಗದಲ್ಲಿ ಗೀಚಿದ ಮನೆ-ವ್ಯಾಪಾರದ ಲೆಕ್ಕ ಕೂಡ ಉಳಿದಿದೆ. ಆಶುವಿನ ಮಾತು ಒಂದೂ ಇಲ್ಲ. 1149ರಲ್ಲಿ ಬೆನ್ ಯಿಜು ಏಡನ್‌ಗೆ ಮರಳಿ ಅಣ್ಣ-ತಮ್ಮಂದಿರಿಗೆ ಪತ್ರ ಬರೆಯುತ್ತಾನೆ. ಸುರಕ್ಷಿತವಾಗಿ ಬಂದೆ, ಆಸ್ತಿ ಇದೆ, ಮಕ್ಕಳಿದ್ದಾರೆ, ಇದೆಲ್ಲ ಇದೆ. ಮಕ್ಕಳ ತಾಯಿಯ ಬಗ್ಗೆ ಒಂದು ಸಾಲಿಲ್ಲ. ಹದಿನೇಳು ವರ್ಷ ಅವನ ಮನೆ ನಡೆಸಿದವಳು. ಅವನಿಗೆ ಊರಿನ ಭಾಷೆ, ಊರಿನ ಸಂಬಂಧ, ಏಲಕ್ಕಿ ತರುವ ಒಳನಾಡಿನ ಜನರ ಪರಿಚಯ ಸಿಕ್ಕಿದ್ದು ಯಾರಿಂದ ಎಂದು ನಾನು ಕೇಳುತ್ತೇನೆ. ಇಲ್ಲಿ ಕೂತಿರುವ ನಾವೆಲ್ಲ ಗಂಡನ ಟ್ರಾನ್ಸ್‌ಫರ್ ಆದಾಗ ಡಬ್ಬಿ ಕಟ್ಟಿ ದೆಹಲಿಗೆ ಬಂದವರೇ, ಅಥವಾ ಹಾಗೆ ಬಂದವರ ಮಕ್ಕಳು. ಆಶುವಿನ ಮನೆ ಮಾತ್ರ ಒಂದು ದಿನ ಅವಳಿಂದ ಎದ್ದು ಹಡಗು ಹತ್ತಿತು.

ಮಗಳ ಕತೆ ಇನ್ನಷ್ಟು ಉದ್ದ. ಏಡನ್ನಿನ ಶ್ರೀಮಂತ ವ್ಯಾಪಾರಿ ಮನೆತನದವರು ತಮ್ಮ ಹುಡುಗನಿಗೆ ಸಿತ್ ಅಲ್-ದಾರ್‌ಳನ್ನು ಕೇಳಿದರು, ಅವಳು ಮೂರು ವರ್ಷ ಅವರ ಮನೆಯಲ್ಲೇ ಇದ್ದಳು. ತಂದೆ ಒಪ್ಪಲಿಲ್ಲ. ಅಷ್ಟರಲ್ಲಿ ಸಿಸಿಲಿಯ ನಾರ್ಮನ್ನರು ಮಹ್ದಿಯವನ್ನು ಗೆದ್ದಿದ್ದರು, ಅಣ್ಣ-ತಮ್ಮಂದಿರು ದಿಕ್ಕಾಪಾಲಾಗಿದ್ದರು. ಕೆಟ್ಟ ಕಾಲದಲ್ಲಿ ರಕ್ತಸಂಬಂಧ ಬಿಡಬಾರದೆಂದು ಹಟ ಹಿಡಿದು ತನ್ನ ಅಣ್ಣನ ಮಗನಿಗೇ ಕೊಟ್ಟ. 1156ರಲ್ಲಿ ಕೈರೋ ಪಕ್ಕದ ಫುಸ್ತಾತ್‌ನಲ್ಲಿ ಮದುವೆ. ವರನ ಹೆಸರೂ ಸುರೂರ್. ಆ ಹುಡುಗಿ ಹುಟ್ಟಿದ್ದು ಮಂಗಳೂರಿನ ಕಡೆ, ಬೆಳೆದದ್ದು ಏಡನ್, ಮದುವೆ ಈಜಿಪ್ಟ್, ಗಂಡನ ಮನೆಯವರು ಸಿಸಿಲಿಗೆ ಓಡಿಹೋದ ನಿರಾಶ್ರಿತರು. ಫುಸ್ತಾತ್‌ನ ಅಡುಗೆಮನೆಯಲ್ಲಿ ಅವಳು ಯಾವತ್ತಾದರೂ ಅಮ್ಮ ಮಾಡುತ್ತಿದ್ದ ಅನ್ನ-ಸಾರು ನೆನೆದಿರಬಹುದೆ? ನಮ್ಮ ಮಕ್ಕಳಿಗೆ ಕನ್ನಡ ಬರುವುದಿಲ್ಲ ಎಂದು ಪ್ರತಿ ವಾರ್ಷಿಕೋತ್ಸವದಲ್ಲಿ ಕಣ್ಣೀರು ಹಾಕುತ್ತೇವಲ್ಲ, ಆಗೆಲ್ಲ ನನಗೆ ಈ ಹುಡುಗಿ ನೆನಪಾಗುತ್ತಾಳೆ.

ಇನ್ನೊಬ್ಬ ಅತಿಥಿಯನ್ನು ದೆಹಲಿಯವರಾದ ನೀವು ಬಲ್ಲಿರಿ. ಇಬ್ನ್ ಬತೂತ. ಮೆಡಿಟರೇನಿಯನ್ ಕಡಲಿನ ಬಾಗಿಲಲ್ಲಿರುವ ಟ್ಯಾಂಜಿಯರ್‌ನವನು, ಮಹಮದ್ ಬಿನ್ ತುಘಲಕ್‌ನ ಕೆಳಗೆ ಇಲ್ಲಿ ಕಾಜಿಯಾಗಿದ್ದವನು. 1342ರಲ್ಲಿ ಸುಲ್ತಾನನ ರಾಯಭಾರಿಯಾಗಿ ಚೀನಾಕ್ಕೆಂದು ದೆಹಲಿ ಬಿಟ್ಟ. ದಾರಿಯಲ್ಲಿ ನಮ್ಮ ಕರಾವಳಿ ಸಿಕ್ಕಿತು. ಹೊನ್ನಾವರದಲ್ಲಿ ಹುಡುಗಿಯರಿಗೆ 13, ಹುಡುಗರಿಗೆ 23 ಶಾಲೆಗಳನ್ನು ಕಂಡೆ ಎಂದು ಬರೆದಿದ್ದಾನೆ. ಲೋಕ ಸುತ್ತಿದವನು, ಇದನ್ನು ಬೇರೆಲ್ಲೂ ಕಾಣಲಿಲ್ಲ ಎನ್ನುತ್ತಾನೆ. ಮಂಗಳೂರಿನಲ್ಲಿ ಪರ್ಷಿಯಾ, ಯೆಮನ್ ವ್ಯಾಪಾರಿಗಳು ಇಳಿಯುತ್ತಾರೆ, ಮೆಣಸು, ಶುಂಠಿ ಧಾರಾಳ, ಸುಮಾರು ನಾಲ್ಕು ಸಾವಿರ ಮುಸಲ್ಮಾನರು ಊರ ಹೊರಗಿನ ಕೇರಿಯಲ್ಲಿದ್ದಾರೆ ಎಂದೂ ಬರೆದ. ಮುಂದಿನ ಮಾತು ಗಮನಿಸಿ. ಅವರಿಗೂ ಊರವರಿಗೂ ಆಗಾಗ ಜಗಳವಾಗುತ್ತದೆ, ವ್ಯಾಪಾರಿಗಳು ತನಗೆ ಬೇಕಾದ್ದರಿಂದ ರಾಜ ಮಧ್ಯೆ ಬಂದು ರಾಜಿ ಮಾಡಿಸುತ್ತಾನೆ ಎನ್ನುತ್ತಾನೆ. ಹಿಂದೆ ಎಲ್ಲರೂ ಅಣ್ಣ-ತಮ್ಮಂದಿರಂತೆ ಇದ್ದರು, ಈಗ ಕೆಟ್ಟಿತು ಎಂದು ನಾವು ಭಾಷಣದಲ್ಲಿ ಹೇಳುತ್ತೇವೆ. ಹಾಗಿರಲಿಲ್ಲ. ಜಗಳವೂ ಇತ್ತು, ರಾಜಿ ಮಾಡಿಸುವವನೂ ಇದ್ದ. ಬಂದರಿನ ರಾಜನಿಗೆ ಹಡಗು ತಿರುಗಿ ಬರಬೇಕೆಂಬ ಆಸೆ ಇತ್ತು.

ಪೋರ್ಚುಗೀಸರ ವಿಷಯ ಎಲ್ಲರಿಗೂ ಗೊತ್ತಿರುವುದರಿಂದ ಚುಟುಕಾಗಿ ಹೇಳುತ್ತೇನೆ. ಅವರಿಗೆ ಮೆಣಸಿನಷ್ಟೇ ನಮ್ಮ ಅಕ್ಕಿಯೂ ಬೇಕಾಗಿತ್ತು. ಗೋವಾದ ಹೊಟ್ಟೆ ತುಂಬುತ್ತಿದ್ದದ್ದು ಬಸರೂರು, ಮಂಗಳೂರಿನ ಅಕ್ಕಿಯಿಂದ. ಆ ಅಕ್ಕಿ ಮಸ್ಕತ್, ಹೋರ್ಮುಜ್ ತನಕ ಹೋಗುತ್ತಿತ್ತು. ಅಳಿವೆಯ ಆಚೆ ದಡದಲ್ಲಿ ಉಳ್ಳಾಲ. ಅಲ್ಲಿನ ಚೌಟ ಮನೆತನದ ರಾಣಿ ಅಬ್ಬಕ್ಕ ಕಪ್ಪ ಕೊಡಲು ಒಪ್ಪದೆ ಪೋರ್ಚುಗೀಸರ ಜೊತೆ ಹೋರಾಡಿದಳು. ಇವತ್ತು ಕೋಸ್ಟ್ ಗಾರ್ಡ್ ಹಡಗೊಂದಕ್ಕೆ ಅವಳ ಹೆಸರಿದೆ. ಅಬ್ಬಕ್ಕ ರಾಣಿಯಾದದ್ದು ಗಂಡ ಸತ್ತದ್ದರಿಂದಲ್ಲ, ಮಗ ಚಿಕ್ಕವನಾದ್ದರಿಂದಲೂ ಅಲ್ಲ. ಅಳಿಯಸಂತಾನದಲ್ಲಿ ಆಸ್ತಿ-ಪಟ್ಟ ಹೆಣ್ಣಿನ ಕಡೆಯಿಂದ ಹರಿಯುತ್ತದೆ. ಅದು ಅವಳ ಹಕ್ಕು.

ಹೆಚ್ಚು ಜನ ಓದದ ಒಂದು ಚಿತ್ರ ಹೇಳುತ್ತೇನೆ. 1623ರಲ್ಲಿ ರೋಮಿನ ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬ ಪ್ರವಾಸಿ ಉಳ್ಳಾಲದ ರಾಣಿಯನ್ನು ಹುಡುಕಿಕೊಂಡು ಹೋದ. ಯಾವ ಅಬ್ಬಕ್ಕ ಎಂಬ ಚರ್ಚೆ ಇದೆ, ಅದು ಇತಿಹಾಸಕಾರರಿಗೆ ಇರಲಿ. ಅರಮನೆಯಲ್ಲಿ ಸಿಂಹಾಸನದ ಮೇಲೆ ಇರುತ್ತಾಳೆ ಎಂದುಕೊಂಡಿದ್ದ. ಅವಳು ಸಿಕ್ಕಿದ್ದು ದಾರಿಯಲ್ಲಿ, ಬರಿಗಾಲಲ್ಲಿ. ನೀರು ಹಾಯಿಸುವ ಕಾಲುವೆ ತೋಡಿಸುವ ಕೆಲಸ ನೋಡಲು ಹೊರಟಿದ್ದಳು. ದಪ್ಪ ಹತ್ತಿಯ ಬಿಳಿ ಬಟ್ಟೆ. ನೋಡಲು ಅಡುಗೆಯವಳ ಹಾಗೆ ಇದ್ದಳು, ಮಾತಾಡಿದಾಗ ಮಾತ್ರ ರಾಣಿ ಎಂದು ತಿಳಿಯಿತು ಎಂಬರ್ಥದಲ್ಲಿ ಬರೆದಿದ್ದಾನೆ. ನಮ್ಮ ಸೀರಿಯಲ್‌ಗಳಲ್ಲಿ ಅಬ್ಬಕ್ಕನಿಗೆ ಎರಡು ಕಿಲೋ ಒಡವೆ ಹಾಕುತ್ತಾರೆ. ನನಗೆ ಬೇಕಾದ ರಾಣಿ ಕಾಲುವೆಯ ಕೆಸರಿನಲ್ಲಿ ನಿಂತವಳು.

ಆಮೇಲೆ ಕೆಳದಿ ಅರಸರು. ಔರಂಗಜೇಬನಿಗೆ ಹೆದರದೆ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟ ಕೆಳದಿ ಚೆನ್ನಮ್ಮ 1671ರಿಂದ 1696ರ ತನಕ ಆಳಿದಾಗ ಮಂಗಳೂರು ಅವಳ ಬಂದರು. 1763ರಲ್ಲಿ ಹೈದರಾಲಿ ಬಿದನೂರನ್ನು ಹಿಡಿದ, ಮಂಗಳೂರು ಅವನ ನೌಕಾಪಡೆಯ ನೆಲೆಯಾಯಿತು. ಅಲ್ಲಿಂದ ಊರಿಗೆ ನೆಮ್ಮದಿ ಇಲ್ಲ. ಇಂಗ್ಲಿಷರು ಹಿಡಿಯುವುದು, ಮೈಸೂರಿನವರು ಬಿಡಿಸಿಕೊಳ್ಳುವುದು. 1784ರ ಮಾರ್ಚ್ 11ರಂದು ಮಂಗಳೂರು ಒಪ್ಪಂದ, ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೇವೆ. ಅದೇ ವರ್ಷ ಟಿಪ್ಪು ಕರಾವಳಿಯ ಕ್ರೈಸ್ತರನ್ನು ಸಾವಿರಗಟ್ಟಲೆ ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದ. 1799ರ ನಂತರ ಉಳಿದವರು ತಿರುಗಿ ಬಂದರು. ನನ್ನ ಶಾಲೆಯ ಗೆಳತಿಯರ ಮನೆಗಳಲ್ಲಿ ಈ ಮಾತು ಊಟದ ಹೊತ್ತಿಗೆ ಬರುತ್ತಿತ್ತು. ಪಾಠದ ಪುಸ್ತಕದಲ್ಲಿ ನಾನು ಓದಿದ್ದು ಒಪ್ಪಂದದ ತಾರೀಕನ್ನು ಮಾತ್ರ.

1834ರಲ್ಲಿ ಬಾಸೆಲ್ ಮಿಷನ್ನಿನವರು ಬಂದರು. ಅವರ ಮೋಗ್ಲಿಂಗ್ 1843ರ ಜುಲೈ 1ರಂದು 'ಮಂಗಳೂರ ಸಮಾಚಾರ' ಹೊರತಂದರು, ಕನ್ನಡದ ಮೊದಲ ಪತ್ರಿಕೆ. ಕಿಟ್ಟೆಲರ ನಿಘಂಟು 1894ರಲ್ಲಿ ಇಲ್ಲೇ ಅಚ್ಚಾಯಿತು. ಇದೆಲ್ಲ ಗೊತ್ತಿರುವುದೇ. ನಾನು ಹೇಳುವುದು ಹಂಚಿನ ಬಗ್ಗೆ. 1865ರಲ್ಲಿ ಪ್ಲೆಬ್ಸ್ಟ್ ಎಂಬ ಮಿಷನರಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿದರು. ಹೊಳೆಯ ದಂಡೆಯ ಆವೆಮಣ್ಣು ದೋಣಿಯಲ್ಲಿ ಬರುತ್ತಿತ್ತು, ಸುಟ್ಟ ಹಂಚು ದೋಣಿಯಲ್ಲಿ ಹೋಗುತ್ತಿತ್ತು. ಆಫ್ರಿಕಾದ ಪೂರ್ವ ತೀರದ ತನಕ ಮಂಗಳೂರು ಹಂಚಿನ ಮಾಡುಗಳಿವೆ. ಮಣ್ಣು ಹೊತ್ತವರು, ಹಸಿ ಹಂಚನ್ನು ಒಣಗಲು ಜೋಡಿಸಿದವರು ಹೆಚ್ಚಾಗಿ ಹೆಂಗಸರು. ನನ್ನ ಅಜ್ಜಿ ಅವರಲ್ಲೊಬ್ಬಳು. ತಲೆಯ ನಡುವೆ ಕೂದಲು ತೆಳ್ಳಗಾಗಿತ್ತು. ಯಾಕಜ್ಜಿ ಎಂದರೆ, "ಅದು ಹಂಚು ತಿಂದದ್ದು" ಎನ್ನುತ್ತಿದ್ದಳು. ಅಮ್ಮನ ಕಾಲಕ್ಕೆ ಬೀಡಿ. ಮಧ್ಯಾಹ್ನ ಊಟವಾದ ಮೇಲೆ ಕೇರಿಯ ಹೆಂಗಸರೆಲ್ಲ ಸೂಪು ಮಡಿಲಲ್ಲಿಟ್ಟು ಕೂರುತ್ತಿದ್ದರು. ನನ್ನ ಪಿಯುಸಿ ಫೀಸು, ಬಿ.ಎ. ಫೀಸು ಬೀಡಿ ಬ್ರಾಂಚಿನಿಂದ ಬಂದದ್ದು. ಗೇರುಬೀಜದ ಫ್ಯಾಕ್ಟರಿಗೆ ಹೋಗುತ್ತಿದ್ದ ಚಿಕ್ಕಮ್ಮನ ಬೆರಳು ಸಿಪ್ಪೆಯ ಎಣ್ಣೆಗೆ ಕಪ್ಪಾಗಿರುತ್ತಿತ್ತು, ಮದುವೆಮನೆಗೆ ಹೋಗುವಾಗ ಕೈ ಸೆರಗಿನೊಳಗೆ. ದೀಪಾವಳಿಗೆ ಇಲ್ಲಿ ಕಾರ್ಪೊರೇಟ್ ಗಿಫ್ಟ್ ಅಂತ ಗೋಡಂಬಿ ಡಬ್ಬಿ ಬರುತ್ತದಲ್ಲ, ನನಗೆ ಮೊದಲು ಕಾಣುವುದು ಆ ಬೆರಳು. ನಮ್ಮ ಹಳೆಯ ಮನೆಯ ಮಾಡು ಕಳೆದ ವರ್ಷ ಇಳಿಸಿದರು, ಜಾಗದಲ್ಲಿ ಫ್ಲ್ಯಾಟ್ ಬರುತ್ತದೆ. ಎರಡು ಹಂಚು ಸೂಟ್‌ಕೇಸಿನಲ್ಲಿ ಸೀರೆ ಸುತ್ತಿ ತಂದಿದ್ದೇನೆ. ನೋಯ್ಡಾದ ಬಾಲ್ಕನಿಯಲ್ಲಿ ಅವುಗಳ ಮೇಲೆ ತುಳಸಿ ಕುಂಡ ಇದೆ.

ಈ ಊರು ದೆಹಲಿಗೆ ಕೊಟ್ಟ ಒಬ್ಬರನ್ನು ನೆನೆಯದಿದ್ದರೆ ತಪ್ಪಾದೀತು. ಕಮಲಾದೇವಿ ಚಟ್ಟೋಪಾಧ್ಯಾಯ ಹುಟ್ಟಿದ್ದು ಮಂಗಳೂರಿನಲ್ಲಿ, 1903ರ ಏಪ್ರಿಲ್ 3ರಂದು. ಏಳು ವರ್ಷದವಳಿದ್ದಾಗ ತಂದೆ ತೀರಿಕೊಂಡರು, ಉಯಿಲು ಬರೆದಿರಲಿಲ್ಲ. ಆಸ್ತಿಯೆಲ್ಲ ಮಲಮಗನ ಪಾಲಾಯಿತು, ತಾಯಿ ಗಿರಿಜಾಬಾಯಿಗೆ ಏನೂ ಇಲ್ಲ. ಪಕ್ಕದ ಬೀದಿಯಲ್ಲಿ ಅಳಿಯಸಂತಾನದ ಮನೆಗಳು, ಅಲ್ಲಿ ಆಸ್ತಿ ಹೆಣ್ಣಿನ ಕಡೆಯಿಂದಲೇ ನಡೆಯುವುದು. ಒಂದೇ ಊರಿನಲ್ಲಿ ಎರಡು ಕಾನೂನು. ಹೆಣ್ಣಿಗೆ ಹಕ್ಕು ಸಿಗದಿರುವುದು ಲೋಕನಿಯಮವೇನಲ್ಲ ಎಂದು ಆ ಮಗುವಿಗೆ ಮಂಗಳೂರಿನಲ್ಲೇ ತಿಳಿದಿರಬೇಕು. 1926ರಲ್ಲಿ ಮದ್ರಾಸ್ ಶಾಸನಸಭೆಗೆ ಸ್ಪರ್ಧಿಸಿ ಸ್ವಲ್ಪದರಲ್ಲೇ ಸೋತರು. ಉಪ್ಪಿನ ಸತ್ಯಾಗ್ರಹದಲ್ಲಿ ಹೆಂಗಸರನ್ನೂ ಸೇರಿಸಿಕೊಳ್ಳಿ ಎಂದು ಗಾಂಧೀಜಿಯವರನ್ನು ಒತ್ತಾಯಿಸಿದರು. ದೇಶ ವಿಭಜನೆಯಾದಾಗ ಇಂಡಿಯನ್ ಕೋಆಪರೇಟಿವ್ ಯೂನಿಯನ್ ಕಟ್ಟಿ, ವಾಯವ್ಯ ಗಡಿನಾಡಿನಿಂದ ಬಂದ ನಿರಾಶ್ರಿತರು ತಾವೇ ಫರೀದಾಬಾದ್ ಪಟ್ಟಣ ಕಟ್ಟಿಕೊಳ್ಳಲು ಜೊತೆ ನಿಂತರು. ಫರೀದಾಬಾದಿನಿಂದ ಬಂದ ಸದಸ್ಯೆಯರು ಇಲ್ಲಿದ್ದಾರೆ, ನಿಮ್ಮ ಊರಿನಲ್ಲಿ ನಮ್ಮ ಊರಿನವರ ಪಾಲಿದೆ ಎಂದು ತಿಳಿಯಿರಿ. ಜನಪಥದ ಕಾಟೇಜ್ ಎಂಪೋರಿಯಂನಲ್ಲಿ ಸೀರೆ ಮುಟ್ಟಿ ಬೆಲೆ ನೋಡಿ ವಾಪಸ್ ಇಡುತ್ತೇವಲ್ಲ, ಅದನ್ನು ಬೆಳೆಸಿದವರೂ ಅವರೇ.

ಹೊಸ ಬಂದರಿಗೆ ಬರುತ್ತೇನೆ. ಅಳಿವೆ ಹೂಳಿನಿಂದ ತುಂಬಿದ್ದರಿಂದ ಪಣಂಬೂರಿನಲ್ಲಿ ನೆಲವನ್ನೇ ಅಗೆದು ಬಂದರು ಮಾಡಿದರು. 1974ರಲ್ಲಿ ದೇಶದ ಒಂಬತ್ತನೆಯ ಪ್ರಮುಖ ಬಂದರು ಎಂದು ಘೋಷಣೆ, 1975ರ ಜನವರಿ 11ರಂದು ಇಂದಿರಾ ಗಾಂಧಿಯವರಿಂದ ಉದ್ಘಾಟನೆ. ಅಗೆದ ನೆಲದಲ್ಲಿ ಮನೆ, ಗದ್ದೆ, ದೈವಸ್ಥಾನಗಳಿದ್ದವು. ಅಲ್ಲಿನವರು ಕಾಟಿಪಳ್ಳ, ಕೃಷ್ಣಾಪುರಕ್ಕೆ ಹೋಗಬೇಕಾಯಿತು. ಕುದುರೆಮುಖದ ಅದಿರು ಕೊಳವೆಯಲ್ಲಿ ಹರಿದು ಬಂದು ಹಡಗೇರಿತು. 2005ರ ಕೊನೆಗೆ ಸುಪ್ರೀಂ ಕೋರ್ಟಿನ ಆದೇಶದಂತೆ ಗಣಿ ನಿಂತಿತು. ಹಳೆಯ ಬಂದರಿನಿಂದ ಲಕ್ಷದ್ವೀಪಕ್ಕೆ ಅಕ್ಕಿ, ತರಕಾರಿ, ಇಟ್ಟಿಗೆ ಹೊತ್ತ ಮಂಜಿಗಳು ಈಗಲೂ ಹೋಗುತ್ತವೆ. ಅಮಿನಿ, ಕಡಮತ್ ಮುಂತಾದ ಬಡಗಣ ದ್ವೀಪಗಳು 1956ರ ತನಕ ನಮ್ಮ ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇದ್ದವು. ದಕ್ಕೆಯಲ್ಲಿ ಬೆಳಗಿನ ಜಾವ ಮೀನಿನ ಏಲಂ ಕೂಗುವಾಗ ಮೊಗವೀರ ಹೆಂಗಸರ ಸ್ವರ ಕೇಳಬೇಕು. ಚಾಂದನಿ ಚೌಕದ ವ್ಯಾಪಾರಿ ಅವರ ಮುಂದೆ ನಿಲ್ಲಲಾರ.

ಒಂದು ವಿಷಯ ಬಿಟ್ಟರೆ ನೀವೇ ಕೇಳುತ್ತೀರಿ. 2009ರ ಜನವರಿ 24ರಂದು ಮಂಗಳೂರಿನ ಪಬ್ಬಿನಲ್ಲಿ ಹುಡುಗಿಯರನ್ನು ಹೊಡೆದು ಎಳೆದಾಡಿದ ದೃಶ್ಯ ದೇಶವೆಲ್ಲ ಟಿವಿಯಲ್ಲಿ ನೋಡಿತು. ಮರುದಿನ ಆಫೀಸಿನಲ್ಲಿ ಸಹೋದ್ಯೋಗಿ ಕೇಳಿದಳು, "ದೀದಿ, ನಿಮ್ಮ ಊರಿನಲ್ಲಿ ಹೆಂಗಸರು ಹೊರಗೆ ಬರುವುದಿಲ್ಲವೆ?" ನನಗೆ ಕಣ್ಣೆದುರು ಬಂದದ್ದು ಅಜ್ಜಿಯ ತಲೆ, ದಕ್ಕೆಯ ಏಲಂ. "ನಮ್ಮ ಊರಿನಲ್ಲಿ ಹೆಂಗಸರು ಹೊರಗೆ ಬರದಿದ್ದರೆ ಒಲೆ ಉರಿಯುವುದಿಲ್ಲ" ಎಂದೆ. ಅವಳು ನಂಬಿದಳೋ ಇಲ್ಲವೋ. 2018ರಲ್ಲಿ ಆ ಪ್ರಕರಣದ ಆರೋಪಿಗಳೆಲ್ಲ ಖುಲಾಸೆಯಾದರು. ಆಮೇಲೂ ಊರಿನ ಸುದ್ದಿಗಳು ಬರುತ್ತಲೇ ಇವೆ. ಯಾವ ಹುಡುಗಿ ಯಾರ ಜೊತೆ ಬಸ್ಸಿನಲ್ಲಿ ಕೂತಳು, ಜ್ಯೂಸ್ ಅಂಗಡಿಯಲ್ಲಿ ಯಾರ ಜೊತೆ ನಿಂತಳು ಎಂದು ಪೊಲೀಸರಲ್ಲದವರು ವಿಚಾರಿಸುವ ಸುದ್ದಿ. ನನ್ನ ಮಗಳು ಬೇಸಗೆಗೆ ಊರಿಗೆ ಹೊರಟರೆ, ದೆಹಲಿಯಲ್ಲಿ ಹೇಳುವ ಎಚ್ಚರಿಕೆಗಳ ಜೊತೆಗೆ ಈಗ ಇನ್ನೊಂದನ್ನೂ ಹೇಳಬೇಕಾಗಿದೆ. ಅದನ್ನು ಹೇಳುವಾಗ ನಾಲಿಗೆ ತಡವರಿಸುತ್ತದೆ. ಸಾವಿರ ವರ್ಷ ಅಪರಿಚಿತರನ್ನು ದಡಕ್ಕೆ ಇಳಿಸಿಕೊಂಡು ಬದುಕಿದ ಊರಿನಲ್ಲಿ, ಪರಿಚಯದ ಹುಡುಗನ ಜೊತೆ ಮಾತಾಡಬೇಡ ಎಂದು ಮಗಳಿಗೆ ಹೇಳುವುದು ನನಗೆ ಒಗ್ಗುವುದಿಲ್ಲ.

ಮುಂದಿನ ಸಲ ಊರಿಗೆ ಹೋಗುವವರಿಗೆ ಒಂದೆರಡು ಸಲಹೆ. ಪಣಂಬೂರಿನ ಬೀಚು, ಐಸ್‌ಕ್ರೀಂ ಎಲ್ಲ ಆದ ಮೇಲೆ ಬೋಳೂರಿನ ಸುಲ್ತಾನ್ ಬತ್ತೇರಿಗೆ ಹೋಗಿ. ಅಲ್ಲಿಂದ ಹೊಳೆ ದಾಟಿಸುವ ದೋಣಿ ಇದೆ, ಬೆಂಗ್ರೆಗೆ ಹೋಗುತ್ತದೆ. ಮರಳಿನ ಪಟ್ಟಿಯ ಮೇಲೆ ನಿಂತರೆ ಒಂದು ಕಡೆ ಹೊಳೆ, ಇನ್ನೊಂದು ಕಡೆ ಕಡಲು. ಕದ್ರಿಯ ಲೋಕೇಶ್ವರನನ್ನು ನೋಡಿ, ಅಲೋಶಿಯ ಚಾಪೆಲಿನಲ್ಲಿ ಇಟಲಿಯ ಮೊಸ್ಕೇನಿ ಬರೆದ ಚಿತ್ರಗಳನ್ನು ನೋಡಿ. ಹಳೆಯ ಬಂದರಿನ ಬೀದಿಯಲ್ಲಿ ಮಧ್ಯಾಹ್ನ ಮೂರಕ್ಕೆ ನಡೆದರೆ ಒಣಮೀನು, ಮೆಣಸು, ಹಗ್ಗ, ಡೀಸೆಲ್ ಎಲ್ಲದರ ವಾಸನೆ ಒಟ್ಟಿಗೆ ಬರುತ್ತದೆ. ಆಶುವಿನ ಮನೆ ಅಲ್ಲಿ ಎಲ್ಲಿತ್ತು ಎಂದು ತೋರಿಸುವ ಫಲಕ ಇಲ್ಲ. ನಾನು ಹೋದಾಗಲೆಲ್ಲ ಒಂದು ಗೂಡಂಗಡಿಯ ಮುಂದೆ ನಿಂತು ಇಲ್ಲೇ ಇದ್ದಿರಬೇಕು ಎಂದು ಅಂದುಕೊಳ್ಳುತ್ತೇನೆ. ಅಲ್ಲಿ ಚಹಾ ಚೆನ್ನಾಗಿ ಮಾಡುತ್ತಾರೆ.

ಟೀ, ಅಂಬಡೆ ಬರಲು ಇನ್ನೂ ಹತ್ತು ನಿಮಿಷ ಇದೆಯಂತೆ. ಪ್ರಶ್ನೆಗಳಿದ್ದರೆ ಕೇಳಿ.